ಹೋಬಳಿ ಕ್ರೀಡಾಕೂಟ: ಗೆರೆಯಾಚೆ ನಿಂತ ಅಪ್ಪ ಅಮ್ಮ

ಹೋಬಳಿ ಮಟ್ಟದ ಕ್ರೀಡಾಕೂಟ ಕರ್ನಾಟಕದ ಶಾಲಾ ಕ್ರೀಡೆಯ ಮೊದಲ ಮೆಟ್ಟಿಲುಗಳಲ್ಲಿ ಒಂದು. ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ ಕಸಬಾ, ಹಳೇಬೀಡು, ಮಾದಿಹಳ್ಳಿ, ಅರೇಹಳ್ಳಿ, ಬಿಕ್ಕೋಡು ಎಂದು ಐದು ಹೋಬಳಿಗಳಿವೆ. ಬಿಕ್ಕೋಡು ಹೋಬಳಿಯ ಸರ್ಕಾರಿ, ಅನುದಾನಿತ, ಖಾಸಗಿ ಶಾಲೆಗಳ ಮಕ್ಕಳು ಈ ಕೂಟದಲ್ಲಿ ಒಂದೆಡೆ ಸೇರಿ ಖೋ ಖೋ, ಕಬಡ್ಡಿ, ಥ್ರೋಬಾಲ್, ವಾಲಿಬಾಲ್ ಆಡುತ್ತಾರೆ. ಓಟ, ಉದ್ದಜಿಗಿತ, ಗುಂಡು ಎಸೆತ, ರಿಲೇಯಲ್ಲಿ ಸ್ಪರ್ಧಿಸುತ್ತಾರೆ. ಶಾಲೆ ತೆರೆದ ಕೆಲವೇ ತಿಂಗಳಲ್ಲಿ ಇದೆಲ್ಲ ಮುಗಿಯಬೇಕಾದ್ದರಿಂದ ಮಲೆನಾಡಿನ ಈ ಸೆರಗಿನಲ್ಲಿ ಕೂಟದ ದಿನಗಳು ಹೆಚ್ಚಾಗಿ ಮಳೆಯ ದಿನಗಳೇ. ಬೆಳಿಗ್ಗೆ ಎಳೆದ ಸುಣ್ಣದ ಗೆರೆ ಮಧ್ಯಾಹ್ನಕ್ಕೆ ಅಳಿಸಿಹೋಗುತ್ತದೆ, ಕಬಡ್ಡಿ ಅಂಕಣ ಕೆಸರಾಗುತ್ತದೆ. ಗೆರೆಯಾಚೆ ಕೊಡೆ ಹಿಡಿದು ಒಂದಷ್ಟು ಅಪ್ಪ ಅಮ್ಮಂದಿರು ನಿಂತಿರುತ್ತಾರೆ.

ಮಗುವಿನ ಆಟಕ್ಕೆ ಮನೆಯವರು ಎಷ್ಟು ಬೆಲೆ ಕೊಡಬೇಕು ಎಂಬ ಚರ್ಚೆ ಅಮೆರಿಕದಲ್ಲಿ ಬಹಳ ಹಳೆಯದು. ಕಾರ್ಲ್ ಸ್ಟಾಟ್ಸ್ ಎಂಬುವರು 1939ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಹುಡುಗರ ಬೇಸ್‌ಬಾಲ್‌ಗಾಗಿ ಲಿಟಲ್ ಲೀಗ್ ಆರಂಭಿಸಿದರು. 1974ರಲ್ಲಿ ಅದಕ್ಕೆ ಬಾಲಕಿಯರ ಸಾಫ್ಟ್‌ಬಾಲ್ ಸೇರಿತು. ವಾರಾಂತ್ಯದ ಖುಷಿಗೆಂದು ನಡೆಯುವ ಇಂಥ ಲೀಗ್‌ಗಳಲ್ಲಿ ಬೇಲಿಯಾಚೆಯಿಂದ ಕೂಗಾಡುವ, ಅಂಪೈರ್ ಮೇಲೆ ಏರಿಹೋಗುವ ಪೋಷಕರು ಎಷ್ಟು ಹೆಚ್ಚಿದರೆಂದರೆ, ಕೆಲವು ಲೀಗ್‌ಗಳು ಒಂದು ದಿನ ಯಾರೂ ಬಾಯಿ ತೆರೆಯಬಾರದೆಂಬ ನಿಯಮವನ್ನೇ ತಂದವು. ಅಲ್ಲಿ ಕಾಣುವ ತಪ್ಪು ಒಂದೇ ದಿಕ್ಕಿನದು, ಅತಿಯಾದ ಆಸೆ. ಬಿಕ್ಕೋಡಿನಂಥ ಊರಿನಲ್ಲಿ ತೂಕ ಎರಡೂ ಕಡೆಗೆ ತಪ್ಪುತ್ತದೆ. ಕೆಲವರು ಹೋಬಳಿಯ ಶೀಲ್ಡನ್ನು ಮನೆತನದ ಮಾನ ಎಂದುಕೊಳ್ಳುತ್ತಾರೆ. ಇನ್ನೂ ಹೆಚ್ಚು ಮಂದಿ ಆಟವನ್ನು ಓದಿಗೆ ಬಂದ ಅಡ್ಡಿ ಎಂದು ತಿಳಿದು ಮಗುವನ್ನು ಮೈದಾನದಿಂದಲೇ ಬಿಡಿಸಿಬಿಡುತ್ತಾರೆ. ಎರಡರಲ್ಲೂ ನಷ್ಟ ಮಗುವಿಗೇ.

ಮೊದಲಿಗೆ ಅತಿಯಾಸೆಯ ಲೆಕ್ಕ ನೋಡಬಹುದು. ಖೋ ಖೋ ತಂಡದಲ್ಲಿ ಹನ್ನೆರಡು ಮಂದಿ, ಕಣಕ್ಕಿಳಿಯುವವರು ಒಂಬತ್ತು. ಹೋಬಳಿಯಲ್ಲಿ ಗೆದ್ದ ತಂಡ ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ವಿಭಾಗಕ್ಕೆ, ರಾಜ್ಯಕ್ಕೆ ಹೋಗಬೇಕು. ಹಾಸನ ಜಿಲ್ಲೆಯಲ್ಲಿ ಎಂಟು ತಾಲ್ಲೂಕುಗಳಿವೆ. ಹಾಸನ ಸೇರಿದಂತೆ ಮೈಸೂರು ವಿಭಾಗದಲ್ಲಿ ಎಂಟು ಜಿಲ್ಲೆಗಳಿವೆ. ರಾಜ್ಯದಲ್ಲಿ ನಾಲ್ಕು ವಿಭಾಗಗಳಿವೆ. ಎಲ್ಲ ತಾಲ್ಲೂಕಿನಲ್ಲೂ ಬೇಲೂರಿನ ಹಾಗೆ ಐದೇ ಹೋಬಳಿ, ಎಲ್ಲ ಜಿಲ್ಲೆಯಲ್ಲೂ ಹಾಸನದ ಹಾಗೆ ಎಂಟೇ ತಾಲ್ಲೂಕು, ಎಲ್ಲ ವಿಭಾಗದಲ್ಲೂ ಮೈಸೂರಿನ ಹಾಗೆ ಎಂಟೇ ಜಿಲ್ಲೆ ಎಂದು ಒರಟಾಗಿ ಹಿಡಿದರೂ 1,280 ಹೋಬಳಿ ವಿಜೇತ ತಂಡಗಳಲ್ಲಿ ಕೊನೆಗೆ ಉಳಿಯುವುದು ಒಂದು. ಆ 1,280 ತಂಡಗಳೂ ತಮ್ಮ ತಮ್ಮ ಹೋಬಳಿಯಲ್ಲಿ ಬೇರೆ ಶಾಲೆಗಳನ್ನು ಸೋಲಿಸಿಯೇ ಬಂದಿರುತ್ತವೆ. ಸೋತವರು ಹೊರಗುಳಿಯುವ ಈ ಪದ್ಧತಿಯಲ್ಲಿ ಒಂದು ತಂಡವನ್ನು ಬಿಟ್ಟರೆ ಉಳಿದ ಪ್ರತಿ ತಂಡದ ಕೊನೆಯ ಪಂದ್ಯ ಸೋಲೇ. ಹದಿನಾರು ಶಾಲೆ ಬಂದರೆ ಹದಿನೈದು ಶಾಲೆಯ ಮಕ್ಕಳು ಸೋತು ಮನೆಗೆ ಹೋಗಬೇಕು. ಇದು ಯಾವ ಮಗುವಿನ ಕುಂದೂ ಅಲ್ಲ, ಪದ್ಧತಿಯ ಗಣಿತ. ಹೋಬಳಿಯಲ್ಲಿ ಸೋತ ಮಗಳನ್ನು ಬೈಯುವ ತಂದೆ ಈ ಗಣಿತವನ್ನೇ ಬೈದಂತೆ.

ಗೆರೆಯಾಚೆಯ ಕೂಗಾಟ ಆಟಕ್ಕೆ ಏನು ಮಾಡುತ್ತದೆ ಎಂಬುದು ಆಯಾ ಆಟದ ನಿಯಮ ಬಲ್ಲವರಿಗೆ ಬೇಗ ತಿಳಿಯುತ್ತದೆ. ಖೋ ಖೋದಲ್ಲಿ ಎದ್ದ ಚೇಸರ್ ಒಂದು ದಿಕ್ಕು ಹಿಡಿದಳೆಂದರೆ ಕಂಬ ದಾಟುವ ತನಕ, ಇಲ್ಲವೇ ಇನ್ನೊಬ್ಬಳಿಗೆ ಖೋ ಕೊಡುವ ತನಕ ಹಿಂದಕ್ಕೆ ತಿರುಗುವಂತಿಲ್ಲ, ನಡುಗೆರೆ ದಾಟುವಂತಿಲ್ಲ. ಎದುರಾಳಿ ಹಿಂದಿನಿಂದ ನುಸುಳಿದ್ದನ್ನು ಕಂಡು ಅಪ್ಪ “ಹಿಂದೆ ತಿರುಗು, ಹಿಂದೆ ತಿರುಗು” ಎಂದು ಕೂಗಿದರೆ, ಆ ಮಾತು ಕೇಳಿದ ಮಗಳು ಮಾಡುವುದು ಫೌಲ್. ಕಬಡ್ಡಿಯಲ್ಲಿ ರೈಡರ್ ಮೂವತ್ತು ಸೆಕೆಂಡಿನೊಳಗೆ ರೈಡ್ ಮುಗಿಸಬೇಕು, ‘ಕಬಡ್ಡಿ ಕಬಡ್ಡಿ’ ಎನ್ನುವ ಸದ್ದು ಅಂಪೈರ್ ಕಿವಿಗೆ ಬೀಳುತ್ತಿರಬೇಕು. ಸುತ್ತ ನೂರು ಜನ ಕಿರುಚುವಾಗ ಎಂಟನೇ ತರಗತಿಯ ಹುಡುಗನ ದನಿ ಕೇಳುವುದಾದರೂ ಹೇಗೆ? ಥ್ರೋಬಾಲ್‌ನಲ್ಲಿ ಹಿಡಿದ ಚೆಂಡನ್ನು ಮೂರು ಸೆಕೆಂಡಿನಲ್ಲಿ ಎಸೆಯಬೇಕು. ಎಲ್ಲಿಗೆ ಎಸೆಯಬೇಕೆಂದು ಪಿ.ಟಿ. ಮೇಷ್ಟ್ರು ಒಂದು ಹೇಳಿರುತ್ತಾರೆ, ಅಮ್ಮ ಇನ್ನೊಂದು ಕೂಗುತ್ತಾಳೆ, ಮಾವ ಮತ್ತೊಂದು. ಮೂರು ಸೆಕೆಂಡಿನಲ್ಲಿ ಮೂರು ಯಜಮಾನರ ಮಾತು ಪಾಲಿಸುವುದು ಯಾರಿಗೂ ಸಾಧ್ಯವಿಲ್ಲ. ಚಪ್ಪಾಳೆ, ಮಗುವಿನ ಹೆಸರು, ಚೆನ್ನಾಗಿ ಆಡಿದ ಎದುರು ತಂಡಕ್ಕೂ ಒಂದು ಶಹಬ್ಬಾಸ್: ಗೆರೆಯಾಚೆಯವರ ಪಾಲಿಗೆ ಇಷ್ಟು ಸಾಕಾಗುತ್ತದೆ.

ತೀರ್ಪಿನ ಜಗಳ ಇದರ ಮುಂದಿನ ಹಂತ. ಹೋಬಳಿ ಕೂಟದಲ್ಲಿ ಸೀಟಿ ಹಿಡಿಯುವವರು ಸಂಬಳದ ಅಂಪೈರ್‌ಗಳಲ್ಲ, ಬಂದ ಶಾಲೆಗಳ ದೈಹಿಕ ಶಿಕ್ಷಕರೇ. ಒಂದು ಪಂದ್ಯಕ್ಕೆ ತೀರ್ಪು ಕೊಟ್ಟವರು ಮುಂದಿನ ಪಂದ್ಯದಲ್ಲಿ ತಮ್ಮ ಶಾಲೆಯ ತಂಡದ ಪಕ್ಕ ನಿಂತಿರುತ್ತಾರೆ. ಪಕ್ಷಪಾತದ ಅನುಮಾನ ಏಳುವುದಕ್ಕೆ ಇಷ್ಟೇ ಸಾಕು. ಆದರೆ ಮಾಡುವವರು ಬೇರೆ ಯಾರೂ ಇಲ್ಲ. ಎಷ್ಟೋ ಪ್ರಾಥಮಿಕ ಶಾಲೆಗಳಲ್ಲಿ ದೈಹಿಕ ಶಿಕ್ಷಕರೇ ಇಲ್ಲದೆ ಗಣಿತದ ಟೀಚರೋ ಹಿಂದಿ ಮೇಷ್ಟ್ರೋ ತಂಡ ಕಟ್ಟಿಕೊಂಡು ಬಂದಿರುತ್ತಾರೆ. ಆಕ್ಷೇಪಣೆ ಇದ್ದರೆ ಅದನ್ನು ಹೇಳಬೇಕಾದವರು ತಂಡದ ಜೊತೆ ಬಂದ ಶಿಕ್ಷಕರು, ಹೇಳಬೇಕಾದ್ದು ಸಂಘಟಕರಿಗೆ. ಪೋಷಕರು ಅಂಕಣಕ್ಕೆ ನುಗ್ಗಿದ ದಿನ ಆ ಮಗು ಕಲಿಯುವುದು ತೀರ್ಪನ್ನು ಗದ್ದಲದಿಂದ ಬದಲಿಸಬಹುದು ಎಂಬ ಪಾಠವನ್ನು. ಅದು ಒಂದು ಪಂದ್ಯದ ಸೋಲಿಗಿಂತ ಬಹಳ ದೊಡ್ಡ ನಷ್ಟ.

ಮಕ್ಕಳಿಗೆ ನಿಜಕ್ಕೂ ಬೇಕಾದ್ದೇನು ಎಂದು ಕೇಳಿ ನೋಡಿದವರಿದ್ದಾರೆ. ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಮಾಂಡಾ ವಿಸೆಕ್ ಮತ್ತು ಸಂಗಡಿಗರು ಫುಟ್‌ಬಾಲ್ ಆಡುವ ಮಕ್ಕಳು, ಅವರ ಕೋಚ್‌ಗಳು, ಪೋಷಕರನ್ನು ಮಾತಾಡಿಸಿ ಆಟವನ್ನು ಖುಷಿಯಾಗಿಸುವ 81 ಸಂಗತಿಗಳನ್ನು ಗುರುತಿಸಿದರು. ಜೀವ ಬಿಟ್ಟು ಆಡುವುದು, ಸಂಗಡಿಗರ ಜೊತೆಗಿನ ಹೊಂದಾಣಿಕೆ, ಪ್ರೀತಿಯಿಂದ ಕಲಿಸುವ ಕೋಚ್ ಇವು ಮೇಲಿನ ಸಾಲಿನಲ್ಲಿ ಬಂದವು. ಗೆಲುವು ಬಂದದ್ದು 48ನೆಯದಾಗಿ. ನಾರ್ವೆ ದೇಶ ಇನ್ನೂ ಮುಂದೆ ಹೋಗಿ ಮಕ್ಕಳ ಕ್ರೀಡೆಗೆ ನಿಯಮಗಳನ್ನೇ ಮಾಡಿಕೊಂಡಿದೆ. ಮಗುವಿಗೆ 11 ವರ್ಷ ತುಂಬುವ ವರ್ಷದವರೆಗೆ ಅಲ್ಲಿ ಅಂಕಪಟ್ಟಿ, ರ‍್ಯಾಂಕ್ ಪ್ರಕಟಿಸುವಂತಿಲ್ಲ. ಆ ದೇಶ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಪದಕಗಳನ್ನು ಬಾಚಿಕೊಳ್ಳುತ್ತಿದೆ ಎಂಬುದನ್ನೂ ಇದರ ಜೊತೆಗಿಟ್ಟು ನೋಡಬೇಕು. ಲಿಟಲ್ ಲೀಗ್‌ನಲ್ಲಿ ತಂಡದ ಪ್ರತಿ ಮಗುವಿಗೂ ಪ್ರತಿ ಪಂದ್ಯದಲ್ಲಿ ಕನಿಷ್ಠ ಅವಕಾಶ ಕೊಡಲೇಬೇಕು. ನಮ್ಮ ಹೋಬಳಿ ಕೂಟದಲ್ಲಿ ಅಂಥ ನಿಯಮವಿಲ್ಲ. ಖೋ ಖೋ ತಂಡದ ಉಳಿದ ಮೂವರು ಹುಡುಗಿಯರು ಇಡೀ ದಿನ ಜರ್ಸಿ ತೊಟ್ಟು, ಗೆಳತಿಯರ ಚಪ್ಪಲಿ ಕಾಯುತ್ತ ಕೂತು ಮನೆಗೆ ಹೋಗುವುದುಂಟು. ಆ ಮೂವರ ಮನೆಯವರ ನಡವಳಿಕೆಯೇ ಮುಂದಿನ ವರ್ಷ ಅವರು ಆಟಕ್ಕೆ ಬರುತ್ತಾರೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ.

ಮೈದಾನದಲ್ಲಿ ಒಂದೇ ವಯೋಮಿತಿಯ ಮಕ್ಕಳು ಒಂದೇ ಅಳತೆಯವರಾಗಿರುವುದಿಲ್ಲ. ಹುಡುಗಿಯರು ಸುಮಾರು 12ರ ಹೊತ್ತಿಗೆ, ಹುಡುಗರು ಸುಮಾರು 14ರ ಹೊತ್ತಿಗೆ ಅತಿ ವೇಗವಾಗಿ ಬೆಳೆಯುತ್ತಾರೆ. ಆದರೆ ಒಬ್ಬರಿಂದ ಒಬ್ಬರಿಗೆ ಎರಡು ಮೂರು ವರ್ಷ ಹೆಚ್ಚು ಕಡಿಮೆಯಾಗುವುದು ಸಹಜ. 14ರೊಳಗಿನವರ ಕಬಡ್ಡಿಯಲ್ಲಿ ಮೀಸೆ ಚಿಗುರಿದ ಹುಡುಗನೂ ಇನ್ನೂ ಮಗುವಿನ ಮೈಯಿರುವ ಹುಡುಗನೂ ಎದುರುಬದುರಾಗುತ್ತಾರೆ. ಹುಟ್ಟಿದ ತಿಂಗಳೇ ಒಂದು ವರ್ಷದ ಅಂತರ ತರಬಲ್ಲದು. ಈ ವಯಸ್ಸಿನ ಗೆಲುವು ಸೋಲಿನಲ್ಲಿ ಪ್ರತಿಭೆಯ ಪಾಲೆಷ್ಟು, ಬೇಗ ಬಲಿತ ಮೈಯ ಪಾಲೆಷ್ಟು ಎಂದು ಬೇರ್ಪಡಿಸಲಾಗುವುದಿಲ್ಲ. ಎಳೆಯ ಮೂಳೆಯ ತುದಿಯಲ್ಲಿ ಬೆಳವಣಿಗೆ ನಡೆಯುವ ಭಾಗ ಮೆದುವಾಗಿರುತ್ತದೆ. ಅಲ್ಲಿ ಬಿದ್ದ ಪೆಟ್ಟನ್ನು ಉಳುಕು ಎಂದುಕೊಂಡು ಎಣ್ಣೆ ತಿಕ್ಕಿ ಮತ್ತೆ ಆಡಿಸುವುದು ಅಪಾಯ. ಊದಿದ ಕಾಲಿನ ಮೇಲೆ ಸೆಮಿಫೈನಲ್ ಆಡಿಸುವುದಕ್ಕಿಂತ ಆ ಪಂದ್ಯ ಬಿಟ್ಟುಕೊಡುವುದೇ ಸರಿ.

ಆಟದಿಂದ ಮುಂದೇನು ಎಂಬ ಆಸೆಯೂ ಸಹಜ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ನಿಲಯಗಳಿವೆ, ವೃತ್ತಿಶಿಕ್ಷಣ ಕಾಲೇಜುಗಳ ಪ್ರವೇಶದಲ್ಲಿ ಕ್ರೀಡಾ ಕೋಟಾ ಇದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು, ಹಳ್ಳಿಯ ಹುಡುಗಿಗೆ ಇದು ಆಗದ ಮಾತೇನಲ್ಲ ಎಂಬುದಕ್ಕೆ ಅವರೇ ಸಾಕ್ಷಿ. ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿನ ಹೆಸರು ಹೊತ್ತು, ಟೆಸ್ಟ್‌ನಲ್ಲಿ 236 ವಿಕೆಟ್ ಪಡೆದ ಶ್ರೀನಾಥ್ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದವರು ಎಂಬುದೂ ನೆನಪಿರಬೇಕು. ಇಂಥವರ ಹೆಸರು ಮಗುವಿಗೆ ಹುರುಪು ಕೊಟ್ಟರೆ ಒಳ್ಳೆಯದು. ಐದನೇ ತರಗತಿಯಲ್ಲೇ ಒಂದು ಆಟಕ್ಕೆ ಕಟ್ಟಿಹಾಕಿ, ಕೋಟಾದ ಲೆಕ್ಕದಲ್ಲಿ ಪಂದ್ಯ ನೋಡತೊಡಗಿದರೆ ಆಟ ದುಡಿಮೆಯಾಗುತ್ತದೆ.

ಇನ್ನೊಂದು ದಿಕ್ಕಿನ ತಪ್ಪು ಸದ್ದಿಲ್ಲದ್ದು, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಏಳನೇ ತರಗತಿಯವರೆಗೆ ಜಿಂಕೆಯಂತೆ ಓಡುತ್ತಿದ್ದ ಹುಡುಗಿ ಮೈನೆರೆದ ಮೇಲೆ ತಂಡದ ಪಟ್ಟಿಯಿಂದ ಕಾಣೆಯಾಗುತ್ತಾಳೆ. ಚಡ್ಡಿ ಹಾಕಬೇಕಲ್ಲ ಎಂಬುದು ಒಂದು ಮನೆಯ ಮಾತು, ಬಿಸಿಲಿಗೆ ಕಪ್ಪಾಗುತ್ತಾಳೆ ಎಂಬುದು ಇನ್ನೊಂದು ಮನೆಯದು. ಟ್ರ್ಯಾಕ್ ಪ್ಯಾಂಟ್ ತೊಟ್ಟು ಆಡಬಹುದು. ಮುಟ್ಟಿನ ದಿನಗಳಲ್ಲೂ ಮೈಗೆ ಆಗುವಷ್ಟು ಆಡಲು ವೈದ್ಯಶಾಸ್ತ್ರದ ಅಡ್ಡಿಯಿಲ್ಲ. ಹತ್ತನೇ ತರಗತಿ ಬಂತೆಂದರೆ ಹುಡುಗರಿಗೂ ಇದೇ ಗತಿ, ಎಸ್ಸೆಸ್ಸೆಲ್ಸಿ ಮುಗಿಯುವ ತನಕ ಮೈದಾನ ಬಂದ್. ಕೂಟ ನಡೆಯುವುದು ಮಳೆಗಾಲದಲ್ಲಿ, ಪರೀಕ್ಷೆ ಬರುವುದು ಬೇಸಿಗೆಯ ಬಾಗಿಲಲ್ಲಿ. ನಡುವೆ ಓದಿಗೆ ತಿಂಗಳುಗಳೇ ಇರುತ್ತವೆ. ಆಟ ಮಗುವಿನ ಹಕ್ಕು ಎಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಹೇಳುತ್ತದೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪಟ್ಟಿಯಲ್ಲಿ ಶಾಲೆಗೆ ಆಟದ ಮೈದಾನವೂ ಆಟದ ಸಾಮಾನೂ ಇರಬೇಕೆಂದಿದೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಪೋಷಕರು ಶಾಲೆಯ ಆಟದ ಬಗ್ಗೆ ಕೇಳಬೇಕಾದ ಪ್ರಶ್ನೆಗಳು ಇಲ್ಲಿಂದ ಶುರುವಾಗಬೇಕು.

ಬರಲಾಗದ ಅಪ್ಪ ಅಮ್ಮಂದಿರನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸುವುದು ಅನ್ಯಾಯ. ತೋಟದ ಕೂಲಿಗೆ ಹೋಗುವವರಿಗೆ ಮಗಳ ಪಂದ್ಯ ನೋಡುವುದೆಂದರೆ ಒಂದು ದಿನದ ಕೂಲಿ ಬಿಡುವುದು. ಅವರು ಗೆರೆಯಾಚೆ ಕಾಣದಿದ್ದರೆ ಅದು ಅಸಡ್ಡೆಯಲ್ಲ. ರಾತ್ರಿ ಊಟಕ್ಕೆ ಕೂತಾಗ “ಗೆದ್ರಾ?” ಎನ್ನುವುದಕ್ಕೆ ಮೊದಲು “ಆಟ ಹೆಂಗಿತ್ತವ್ವ?” ಎಂದು ಕೇಳುವ ಮನೆಯಲ್ಲಿ ಮಗಳು ತಾನಾಗಿಯೇ ಎಲ್ಲವನ್ನೂ ಹೇಳುತ್ತಾಳೆ. ಬಂದ ಪೋಷಕರು ಬರಲಾಗದವರ ಮಕ್ಕಳಿಗೂ ಒಂದು ಬಾಳೆಹಣ್ಣು, ಒಂದು ಬಾಟ್ಲಿ ನೀರು ಕೊಟ್ಟು ನೋಡಿಕೊಳ್ಳುವುದು ಈ ಕೂಟಗಳ ಒಳ್ಳೆಯ ರೂಢಿ. ಮರಳುವ ದಾರಿಯ ಚಿಂತೆಯೂ ಹಂಚಿಕೊಳ್ಳಬೇಕಾದದ್ದೇ. ಬಿಕ್ಕೋಡು ಭಾಗದಲ್ಲಿ ಕಾಡಾನೆಗಳ ಓಡಾಟ ನಿತ್ಯದ ಸಂಗತಿ. ಹಿಂಡು ಹತ್ತಿರದ ತೋಟದಲ್ಲಿದೆ ಎಂಬ ಸುದ್ದಿಯಿದ್ದ ದಿನ ಸಂಜೆಯ ಅಭ್ಯಾಸ ಬೇಗ ಮುಗಿಸಿ, ಬೆಳಕಿರುವಾಗಲೇ ಮಕ್ಕಳು ಮನೆ ಸೇರುವಂತೆ ನೋಡಿಕೊಳ್ಳಬೇಕು. ಅಂಥ ದಿನ ಅಭ್ಯಾಸ ತಪ್ಪಿತೆಂದು ಶಿಕ್ಷಕರನ್ನು ದೂರುವುದು ಸಲ್ಲ.

ಹೈಸ್ಕೂಲಿನಲ್ಲಿ ಹೋಬಳಿ ದಾಟಲಾಗದ ಮಗುವಿಗೆ ಆಟದ ಬಾಗಿಲು ಅಲ್ಲಿಗೇ ಮುಚ್ಚುವುದಿಲ್ಲ. ಪಿಯು ಕಾಲೇಜುಗಳಿಗೆ ಬೇರೆಯದೇ ಕೂಟಗಳಿವೆ, ಶಾಲೆ ಕಾಲೇಜಿನ ಹೊರಗಿನವರಿಗೂ ತಾಲ್ಲೂಕು ಮಟ್ಟದಿಂದ ದಸರಾ ಕ್ರೀಡಾಕೂಟ ನಡೆಯುತ್ತದೆ, ಗಣೇಶ ಹಬ್ಬಕ್ಕೋ ರಾಜ್ಯೋತ್ಸವಕ್ಕೋ ಊರ ಯುವಕ ಸಂಘಗಳು ಕಬಡ್ಡಿ, ವಾಲಿಬಾಲ್ ಪಂದ್ಯ ಇಡುತ್ತವೆ. ಹೆಣ್ಣುಮಕ್ಕಳ ಪಂದ್ಯ ಇವುಗಳಲ್ಲಿ ಇಂದಿಗೂ ಕಡಿಮೆ. ಅದನ್ನು ಸೇರಿಸುವಂತೆ ಸಂಘದವರನ್ನು ಒತ್ತಾಯಿಸಬಲ್ಲವರು ಆ ಊರಿನ ಅಪ್ಪ ಅಮ್ಮಂದಿರೇ.