ಓಡುವ ಕರ್ನೆಲ್‌ನ ಹೆಜ್ಜೆ ಹಿಡಿದು

ಕಂಪ್ಯೂಟರಿನಲ್ಲಿ ಫೈಲೊಂದನ್ನು ತೆರೆಯಲು ಕ್ಲಿಕ್ ಮಾಡಿದಿರಿ. ದಿನವೂ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಳ್ಳುವುದು ಇವತ್ತು ಎರಡು ಸೆಕೆಂಡ್ ತಡವಾಯಿತು. ಆ ಎರಡು ಸೆಕೆಂಡಿನಲ್ಲಿ ಒಳಗೆ ನಡೆದದ್ದೇನು?

ಉತ್ತರ ಇರುವುದು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನೆಲ್‌ನ ಒಳಗೆ. ಡಿಸ್ಕು, ಮೆಮೊರಿ, ಪ್ರೊಸೆಸರ್, ನೆಟ್‌ವರ್ಕ್ ಎಲ್ಲದರ ಯಜಮಾನಿಕೆ ಅದರದು. ಲಿನಕ್ಸ್ ಕರ್ನೆಲ್‌ನಲ್ಲಿ ಹತ್ತಾರು ಸಾವಿರ ಫಂಕ್ಷನ್‌ಗಳಿವೆ. ಒಂದು ಇನ್ನೊಂದನ್ನು ಕರೆಯುತ್ತದೆ, ಅದು ಮತ್ತೊಂದನ್ನು. ಒಂದು ಫೈಲ್ ತೆರೆಯುವುದರ ಹಿಂದೆ ಇಂಥ ಕರೆಗಳ ಉದ್ದನೆಯ ಸರಪಳಿಯೇ ಇರುತ್ತದೆ. ಸಾಮಾನ್ಯ ಪ್ರೋಗ್ರಾಂ ಆದರೆ ನಡುವೆ ನಿಲ್ಲಿಸಿ ಪರೀಕ್ಷಿಸಬಹುದು. ಕರ್ನೆಲ್ ನಿಂತರೆ ಕೀಬೋರ್ಡೂ ನಿಂತಿತು, ಪರದೆಯೂ ನಿಂತಿತು. ಹಿಂದೆಲ್ಲ ಅನುಮಾನ ಬಂದ ಕಡೆ ಒಂದು ಮುದ್ರಣದ ಸಾಲು ಸೇರಿಸಿ, ಇಡೀ ಕರ್ನೆಲ್ ಮತ್ತೆ ಕಂಪೈಲ್ ಮಾಡಿ, ಯಂತ್ರವನ್ನು ಹೊಸದಾಗಿ ಬೂಟ್ ಮಾಡಬೇಕಿತ್ತು. ಅಷ್ಟರಲ್ಲಿ ಕಾಡುತ್ತಿದ್ದ ದೋಷ ಮರೆಯಾಗಿಬಿಡುತ್ತಿತ್ತು.

ಈ ಕಷ್ಟಕ್ಕೆ ಸಿಕ್ಕ ಅತ್ಯುತ್ತಮ ಪರಿಹಾರಗಳಲ್ಲಿ ಒಂದು ರೂಪುಗೊಂಡದ್ದು ನಮ್ಮ ಬೆಂಗಳೂರಿನಲ್ಲಿ. ಇದು ಕನ್ನಡ ಓದುಗರಿಗೆ ಗೊತ್ತಿರಬೇಕಾದಷ್ಟು ಗೊತ್ತಾಗಿಲ್ಲ. ಲಿನಕ್ಸ್ ಕರ್ನೆಲ್‌ನ ಮೂಲ ಕೋಡಿನಲ್ಲಿ ಕೆಪ್ರೋಬ್ಸ್ ಎಂಬ ಫೈಲ್ ಇದೆ. ಅದರ ನೆತ್ತಿಯ ಮೇಲಿನ ಟಿಪ್ಪಣಿ ಹೇಳುವಂತೆ 2002ರ ಅಕ್ಟೋಬರ್‌ನಲ್ಲಿ ಇದನ್ನು ಮೊದಲು ಬರೆದವರು ವಂಶಿ ಕೃಷ್ಣ ಎಸ್. 2004ರಲ್ಲಿ ಪ್ರಸನ್ನ ಎಸ್. ಪಂಚಮುಖಿ ಮತ್ತು ಸುಪರ್ಣಾ ಭಟ್ಟಾಚಾರ್ಯ ಅದನ್ನು ಮುಂದುವರಿಸಿದರು. ಎಲ್ಲರೂ ಐಬಿಎಂ ಇಂಡಿಯಾದವರು, ಬೆಂಗಳೂರಿನ ಲಿನಕ್ಸ್ ಟೆಕ್ನಾಲಜಿ ಸೆಂಟರ್‌ನಲ್ಲಿ ಕೆಲಸ ಮಾಡುತ್ತಿದ್ದವರು. ಅದೇ 2004ರ ಅಕ್ಟೋಬರ್‌ನಲ್ಲಿ ಬಂದ 2.6.9 ಆವೃತ್ತಿಯಲ್ಲಿ ಕೆಪ್ರೋಬ್ಸ್ ಅಧಿಕೃತ ಕರ್ನೆಲ್ ಸೇರಿತು.

ಅವರ ಉಪಾಯ ಹೀಗಿದೆ. ನೋಡಬೇಕಾದ ಜಾಗದ ಸೂಚನೆಯನ್ನು ಮೊದಲು ನಕಲು ಮಾಡಿ ಪಕ್ಕಕ್ಕಿಡು. ಮೂಲ ಸೂಚನೆಯ ಮೊದಲ ಬೈಟ್ ಇದ್ದಲ್ಲಿ ಬ್ರೇಕ್‌ಪಾಯಿಂಟ್ ಸೂಚನೆ ಕೂರಿಸು. ಇಂಟೆಲ್ ಮಾದರಿಯ ಪ್ರೊಸೆಸರ್‌ಗಳಲ್ಲಿ ಒಂದು ಸೂಚನೆ ಒಂದು ಬೈಟಿನಿಂದ ಹದಿನೈದು ಬೈಟಿನವರೆಗೆ ಎಷ್ಟು ಉದ್ದವಾದರೂ ಇರಬಹುದು. ಬ್ರೇಕ್‌ಪಾಯಿಂಟ್ ಮಾತ್ರ ಒಂದೇ ಬೈಟ್. ಆದ್ದರಿಂದ ಅದು ಎಂಥ ಸೂಚನೆಯ ಮೇಲೂ ಕೂರುತ್ತದೆ. ಪ್ರೊಸೆಸರ್ ಅಲ್ಲಿಗೆ ಬಂದ ಕೂಡಲೇ ತಡೆದು ನಿಂತು ಹತೋಟಿಯನ್ನು ಕೆಪ್ರೋಬ್ಸ್‌ಗೆ ಒಪ್ಪಿಸುತ್ತದೆ. ಆ ಕ್ಷಣದಲ್ಲಿ ರಿಜಿಸ್ಟರುಗಳಲ್ಲಿ ಏನೇನಿತ್ತು ಎಂಬುದೆಲ್ಲ ಪರೀಕ್ಷಕನ ಕೈಗೆ ಸಿಗುತ್ತದೆ. ಆಮೇಲೆ ಪಕ್ಕಕ್ಕಿಟ್ಟ ನಕಲನ್ನು ಓಡಿಸಿ, ಮುಂದಿನ ಸೂಚನೆಗೆ ದಾರಿ ಬಿಡಲಾಗುತ್ತದೆ. ಕರ್ನೆಲ್ ತನ್ನ ಪಾಡಿಗೆ ಮುಂದೆ ಸಾಗುತ್ತದೆ. ಮರು ಕಂಪೈಲ್ ಬೇಡ, ಮರು ಬೂಟ್ ಬೇಡ.

ಆದರೆ ಬ್ರೇಕ್‌ಪಾಯಿಂಟ್ ಬಡಿದು ಎಬ್ಬಿಸುವುದು ದುಬಾರಿ. ಒಂದೆರಡು ಜಾಗಕ್ಕೆ ಅದು ಸರಿ. ಎಲ್ಲ ಫಂಕ್ಷನ್‌ಗಳ ಎಲ್ಲ ಕರೆಗಳನ್ನೂ ಬರೆದಿಡಬೇಕು ಎಂದರೆ ಬೇರೆ ದಾರಿ ಬೇಕು. ಮುಂಬೈ–ಆಗ್ರಾ ಹೆದ್ದಾರಿಯಲ್ಲಿ ನಾಶಿಕ್ ದಾಟಿ ಧುಳೆಯ ಕಡೆ ಹೋಗುವವರಿಗೆ ಚಾಂದವಡ್ ಟೋಲ್ ನಾಕಾ ಗೊತ್ತು. ಬಂದ ಪ್ರತಿ ವಾಹನವೂ ಅಲ್ಲಿ ನಿಧಾನಿಸಲೇಬೇಕು. ಅಂಥ ನಾಕಾ ಪ್ರತಿ ಊರಿನ ಬಾಗಿಲಲ್ಲೂ ಇದ್ದರೆ ಲಾರಿ ಆಗ್ರಾ ಮುಟ್ಟುವುದು ಯಾವಾಗ? ಬೇಕಾದಾಗ ಮಾತ್ರ ಎದ್ದು ನಿಂತು, ಬೇಡವಾದಾಗ ಬರೀ ರಸ್ತೆಯಾಗಿಬಿಡುವ ನಾಕಾ ಇರಬೇಕು.

2008ರ ಅಕ್ಟೋಬರ್ 9ರಂದು ಬಿಡುಗಡೆಯಾದ ಲಿನಕ್ಸ್ 2.6.27ರಲ್ಲಿ ಸ್ಟೀವನ್ ರೊಸ್ಟೆಡ್ ಅವರ ಎಫ್‌ಟ್ರೇಸ್ ಮಾಡಿದ್ದು ಇದನ್ನೇ. ಕಂಪೈಲರಿಗೆ ಒಂದು ಆಯ್ಕೆ ಕೊಟ್ಟರೆ ಅದು ಪ್ರತಿ ಫಂಕ್ಷನ್‌ನ ಆರಂಭದಲ್ಲಿ ಒಂದು ಕರೆಯನ್ನು ತಾನೇ ಸೇರಿಸುತ್ತದೆ. ಎಫ್‌ಟ್ರೇಸ್ ಆ ಕರೆಗಳನ್ನೆಲ್ಲ ಹುಡುಕಿ, ಅವುಗಳ ಜಾಗದಲ್ಲಿ ನಾಪ್ ಬರೆಯುತ್ತದೆ. ನಾಪ್ ಎಂದರೆ ಏನೂ ಮಾಡಬೇಡ ಎನ್ನುವ ಸೂಚನೆ. ಇಲ್ಲಿ ಐದು ಬೈಟ್ ಉದ್ದದ್ದು. ಪ್ರೊಸೆಸರ್ ಅದನ್ನು ಲೆಕ್ಕಕ್ಕೇ ಇಲ್ಲದಷ್ಟು ವೇಗದಲ್ಲಿ ದಾಟಿಬಿಡುತ್ತದೆ. ಜಾಡು ಹಿಡಿಯಬೇಕೆಂದಾಗ ನಾಪ್‌ನ ಜಾಗಕ್ಕೆ ಕರೆ ಮರಳುತ್ತದೆ. ನನ್ನ ದೃಷ್ಟಿಯಲ್ಲಿ ಈ ವಿದ್ಯೆಯ ಹೆಚ್ಚುಗಾರಿಕೆ ಇರುವುದು ಇಲ್ಲೇ: ಬಳಸದವರ ಮೇಲೆ ಅದು ಹೊರೆ ಹಾಕುವುದಿಲ್ಲ. ಆದ್ದರಿಂದಲೇ ಕೋಟ್ಯಂತರ ಯಂತ್ರಗಳಲ್ಲಿ ಅದನ್ನು ಸದಾ ಸಿದ್ಧವಾಗಿ ಇಟ್ಟಿರಲು ಸಾಧ್ಯವಾಗಿದೆ.

ಓಡುತ್ತಿರುವ ಕೋಡನ್ನೇ ತಿದ್ದುವುದು ಹುಡುಗಾಟವಲ್ಲ. 2.6.27ರ ಪರೀಕ್ಷಾ ಆವೃತ್ತಿಗಳು ಓಡಾಡುತ್ತಿದ್ದಾಗ ಕೆಲವರ ಲ್ಯಾಪ್‌ಟಾಪ್‌ಗಳಲ್ಲಿ ಇಂಟೆಲ್‌ನ ನೆಟ್‌ವರ್ಕ್ ಚಿಪ್ ಸತ್ತೇ ಹೋಗತೊಡಗಿತು. ಚಿಪ್ಪಿನ ಒಳಗಿನ ಶಾಶ್ವತ ಮೆಮೊರಿ ಕೆಟ್ಟಿತ್ತು. ಮರು ಬೂಟ್ ಮಾಡಿದರೂ ಸರಿಹೋಗುವಂಥದ್ದಲ್ಲ. ಅನುಮಾನವೆಲ್ಲ ಆ ಚಿಪ್ಪಿನ ಡ್ರೈವರ್ ಇ1000ಇ ಮೇಲೆ. ಕೊನೆಗೆ ಸಿಕ್ಕಿದ ಅಪರಾಧಿ ಎಫ್‌ಟ್ರೇಸ್. ಆಗಿನ ವಿಧಾನದಲ್ಲಿ ಕರೆಗಳ ವಿಳಾಸಗಳನ್ನು ಯಂತ್ರ ಓಡುತ್ತಿರುವಾಗಲೇ ಗುರುತು ಹಾಕಿಕೊಂಡು, ಆಮೇಲೆ ಬಂದು ತಿದ್ದುತ್ತಿದ್ದರು. ಆರಂಭದಲ್ಲಿ ಮಾತ್ರ ಬೇಕಾಗುವ ಕೋಡನ್ನು ಕರ್ನೆಲ್ ಬಳಸಿ ಬಿಟ್ಟುಕೊಡುತ್ತದೆ. ಹಾಗೆ ತೆರವಾದ ವಿಳಾಸಕ್ಕೆ ನೆಟ್‌ವರ್ಕ್ ಚಿಪ್ಪಿನ ಮೆಮೊರಿ ಬಂದು ಕೂತಿತ್ತು. ಎಫ್‌ಟ್ರೇಸ್ ಹಳೆಯ ಗುರುತು ಹಿಡಿದು ಅಲ್ಲಿಗೆ ಹೋಯಿತು. ಅದು ಬಳಸುತ್ತಿದ್ದದ್ದು ‘ಹೋಲಿಸಿ, ಸರಿಯಾದರೆ ಬದಲಿಸು’ ಎಂಬ ಎಚ್ಚರದ ಸೂಚನೆ. ಆದರೆ ಹೋಲಿಕೆ ತಪ್ಪಿದಾಗಲೂ ಈ ಪ್ರೊಸೆಸರ್‌ಗಳು ಹಳೆಯ ಬೆಲೆಯನ್ನೇ ಮತ್ತೊಮ್ಮೆ ಬರೆಯುತ್ತವೆ. ಸಾಧಾರಣ ಮೆಮೊರಿಗೆ ಅದರಿಂದ ಏನೂ ಆಗದು. ಸಾಧನದ ಮೆಮೊರಿಗೆ ಬರೆಯುವುದೆಂದರೆ ಆಜ್ಞೆ ಕೊಟ್ಟಂತೆ. ಚಿಪ್ ಕೆಟ್ಟದ್ದು ಹೀಗೆ.

ಬಿಡುಗಡೆಯಾದ ವಾರದೊಳಗೆ 2.6.27.1 ಬಂದು ಈ ಸೌಲಭ್ಯವನ್ನು ಸದ್ಯಕ್ಕೆ ಮುಚ್ಚಿತು. ಮುಂದಿನ ಆವೃತ್ತಿಯ ಹೊತ್ತಿಗೆ ರೊಸ್ಟೆಡ್ ಕರೆಗಳ ವಿಳಾಸಪಟ್ಟಿಯನ್ನು ಕಂಪೈಲ್ ಮಾಡುವಾಗಲೇ ತಯಾರಿಸುವ ವಿಧಾನ ತಂದರು. ಇಂದು ಒಂದು ಜಾಗ ತಿದ್ದುವಾಗ ಮೊದಲ ಬೈಟಿನ ಮೇಲೆ ಬ್ರೇಕ್‌ಪಾಯಿಂಟ್ ಇಟ್ಟು, ಉಳಿದ ನಾಲ್ಕು ಬೈಟ್ ಬರೆದು, ಕೊನೆಗೆ ಮೊದಲ ಬೈಟ್ ಬರೆಯುತ್ತಾರೆ. ಇನ್ನೊಂದು ಪ್ರೊಸೆಸರ್ ಅರ್ಧ ಹಳೆಯದು ಅರ್ಧ ಹೊಸದಾದ ಸೂಚನೆಗೆ ಕಾಲಿಡದಂತೆ ಈ ಕಾವಲು. ಕೆಪ್ರೋಬ್ಸ್ ನೆಚ್ಚಿಕೊಂಡ ಅದೇ ಒಂದು ಬೈಟ್ ಇಲ್ಲಿಯೂ ಆಸರೆ.

ಎಫ್‌ಟ್ರೇಸ್‌ನ ಇನ್ನೊಂದು ರೂಪ ಫಂಕ್ಷನ್ ಗ್ರಾಫ್. ಕೆಲಸ ಮುಗಿಸಿದ ಫಂಕ್ಷನ್ ಹಿಂದಿರುಗಬೇಕಾದ ವಿಳಾಸವನ್ನು ಅದು ಬದಲಿಸಿ, ತನ್ನ ಮೂಲಕವೇ ಹಾದು ಹೋಗುವಂತೆ ಮಾಡುತ್ತದೆ. ಹೀಗೆ ಒಳಹೊಕ್ಕ ಹೊತ್ತೂ ಹೊರಬಿದ್ದ ಹೊತ್ತೂ ಗೊತ್ತಾಗುತ್ತದೆ. ಪರದೆಯ ಮೇಲೆ ಯಾರು ಯಾರನ್ನು ಕರೆದರು ಎಂಬುದು ಒಳಗೊಳಗೆ ಸರಿದ ಸಾಲುಗಳಲ್ಲಿ, ಮೈಕ್ರೋಸೆಕೆಂಡ್ ಲೆಕ್ಕದೊಂದಿಗೆ ಮೂಡುತ್ತದೆ. ಹತ್ತು ಮೈಕ್ರೋಸೆಕೆಂಡ್ ಮೀರಿದರೆ ಪಕ್ಕದಲ್ಲಿ ಕೂಡಿಸುವ ಚಿಹ್ನೆ, ನೂರು ಮೀರಿದರೆ ಆಶ್ಚರ್ಯಸೂಚಕ. ಕಳೆದುಹೋದ ಆ ಎರಡು ಸೆಕೆಂಡುಗಳು ಎಲ್ಲಿ ಅಡಗಿವೆ ಎಂದು ಕಣ್ಣಾಡಿಸಿದರೆ ಸಾಕು, ಕಾಣುತ್ತದೆ.

ಬೆಂಗಳೂರಿನ ಕೆಲಸ ಅಲ್ಲಿಗೇ ನಿಲ್ಲಲಿಲ್ಲ. ಸಾಮಾನ್ಯ ಪ್ರೋಗ್ರಾಂಗಳ ಒಳಗೂ ಇದೇ ರೀತಿ ಇಣುಕುವ ಯುಪ್ರೋಬ್ಸ್ 2012ರಲ್ಲಿ ಲಿನಕ್ಸ್ 3.5 ಸೇರಿತು, ಅದರ ಹಿಂದೆಯೂ ಅಲ್ಲಿನ ಐಬಿಎಂನ ಶ್ರೀಕರ್ ದ್ರೋಣಂರಾಜು ಇದ್ದರು. ಆಂಡ್ರಾಯ್ಡ್ ಫೋನಿನ ಪರದೆ ತಡವರಿಸಿದರೆ ಕಾರಣ ಹುಡುಕುವ ಗೂಗಲ್‌ನ ಪರ್ಫೆಟೊ ಎಫ್‌ಟ್ರೇಸ್‌ನಿಂದ ಮಾಹಿತಿ ಪಡೆಯುತ್ತದೆ. ದೊಡ್ಡ ಸರ್ವರ್‌ಗಳ ಆರೋಗ್ಯ ನೋಡುವ ಇಬಿಪಿಎಫ್ ಉಪಕರಣಗಳು 2015ರಿಂದ ಕೆಪ್ರೋಬ್ಸ್‌ಗೆ ಅಂಟಿಕೊಂಡು ಕೆಲಸ ಮಾಡಬಲ್ಲವು.

ಎಂಜಿನಿಯರಿಂಗ್ ಓದುತ್ತಿರುವ ಹುಡುಗ ಹುಡುಗಿಯರಲ್ಲಿ ಒಂದು ಕೋರಿಕೆ. ಆಪರೇಟಿಂಗ್ ಸಿಸ್ಟಂ ಪಾಠವನ್ನು ಪುಸ್ತಕದ ಚಿತ್ರಗಳಿಗೇ ಬಿಡಬೇಡಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಇದ್ದರೆ ರೂಟ್ ಆಗಿ ಸಿಸ್, ಕರ್ನೆಲ್, ಟ್ರೇಸಿಂಗ್ ಫೋಲ್ಡರುಗಳ ದಾರಿ ಹಿಡಿದು ಒಳಗೆ ಹೋಗಿ. ಕರೆಂಟ್ ಟ್ರೇಸರ್ ಎಂಬ ಫೈಲಿಗೆ ಫಂಕ್ಷನ್ ಗ್ರಾಫ್ ಹೆಸರು ಬರೆದು, ಟ್ರೇಸ್ ಫೈಲನ್ನು ಓದಿ. ನೋಡಿ ಮುಗಿದ ಮೇಲೆ ಅದೇ ಫೈಲಿಗೆ ನಾಪ್ ಎಂದು ಬರೆಯಿರಿ, ಯಂತ್ರ ಮೊದಲಿನ ವೇಗಕ್ಕೆ ಮರಳುತ್ತದೆ.