ಕೊರಿಯಾದಲ್ಲಿ ಓದುವವರ ರಜಾದಿನ

ದಕ್ಷಿಣ ಕೊರಿಯಾದ ರಾಜಧಾನಿ ಸಿಯೋಲ್‌ಗೆ ಬೇರೆ ಬೇರೆ ದೇಶಗಳಿಂದ ವಿದ್ಯಾರ್ಥಿಗಳು ಓದಲು ಹೋಗ್ತಾರೆ. ಶನಿವಾರ, ಭಾನುವಾರದ ರಜೆಯಲ್ಲಿ ಅವರು ಕಡಿಮೆ ದುಡ್ಡಿನಲ್ಲೇ ಊರು ನೋಡಬಹುದು.

ಊರಂಚಿನಲ್ಲೇ 836 ಮೀಟರ್ ಎತ್ತರದ ಬುಖಾನ್‌ಸಾನ್ ಇದೆ. ‘ಸಾನ್’ ಅಂದರೆ ಬೆಟ್ಟ. ಹತ್ತಿರದವರೆಗೂ ರೈಲು ಹೋಗ್ತದೆ, ಬೆಟ್ಟ ಹತ್ತೋಕೆ ಟಿಕೆಟ್ ಬೇಡ.

ಊರೊಳಗೆ ಗ್ಯೊಂಗ್‌ಬೊಕ್‌ಗುಂಗ್ ಅರಮನೆ ಇದೆ. ಕಟ್ಟಿದ್ದು 1395ರಲ್ಲಿ. 1592ರಲ್ಲಿ ಜಪಾನಿನ ದಂಡು ಬಂದಾಗ ಸುಟ್ಟುಹೋಯ್ತು. 1867ರ ಹೊತ್ತಿಗೆ ಮತ್ತೆ ಕಟ್ಟಿದರು. 1910ರಿಂದ 1945ರವರೆಗೆ ಆಳಿದ ಜಪಾನಿನವರು ಬಹುಪಾಲು ಕೆಡವಿದರು. 1990ರಿಂದ ಸರಕಾರ ಒಂದೊಂದಾಗಿ ಪುನಃ ಕಟ್ಟಿಸುತ್ತಿದೆ.

ಕೊರಿಯಾದ ಹಳೇ ಕಾಲದ ಉಡುಪು ಹಾನ್‌ಬೊಕ್. ಅದನ್ನು ತೊಟ್ಟು ಬಂದವರಿಗೆ ಅರಮನೆಗೆ ಪ್ರವೇಶ ಪುಕ್ಕಟೆ. ಸುಟ್ಟರೂ ಕೆಡವಿದರೂ ಬಿಡದೆ ಕಟ್ಟಿದ ಈ ಅರಮನೆ ನೋಡಿದರೆ ಕೊರಿಯಾದ ಜನ ಎಂಥವರು ಅಂತ ತಿಳೀತದೆ.