ಸನ್ನತಿಯ ಓದುಗನಿಗೆ ಹೊಸ ಪುಸ್ತಕ ಕೊಡುವವರು

ಭೀಮಾ ದಂಡೆಯ ಸನ್ನತಿಯಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿದಾಗ ಅಶೋಕನ ಶಾಸನ ಹೊರಬಂತು. ಪಕ್ಕದ ಕನಗನಹಳ್ಳಿಯಲ್ಲಿ ಬಳಿಕ ನಡೆದ ಉತ್ಖನನ 'ರಾಯೋ ಅಸೋಕೋ' ಎಂಬ ಬರಹವಿರುವ ಅಶೋಕನ ಶಿಲ್ಪವನ್ನೇ ತೋರಿಸಿತು. ಚಿತ್ತಾಪುರದ ವಿದ್ಯಾರ್ಥಿ ಇದರ ಬಗ್ಗೆ ಕೇಳಿದರೆ, 1986ಕ್ಕಿಂತ ಹಿಂದಿನ ಪುಸ್ತಕ ಸಾಲದು. ಹೊಸದು ಎಲ್ಲಿದೆ ಎಂದು ಗ್ರಂಥಪಾಲಕರಿಗೆ ಗೊತ್ತಿರಬೇಕು.

ಗೊತ್ತಾಗುವುದು ಹೇಗೆ?

ಕರ್ನಾಟಕದಲ್ಲಿ ಗ್ರಂಥಪಾಲಕರ ವೃತ್ತಿಯೇ ಬೇಗ ಬದಲಾಗುತ್ತಿದೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. ಮರುವರ್ಷ 'ಓದುವ ಬೆಳಕು' ಕಾರ್ಯಕ್ರಮ ಮಕ್ಕಳನ್ನು ಉಚಿತ ಸದಸ್ಯರನ್ನಾಗಿಸಿತು. ಈಗ ಅವು 'ಅರಿವು ಕೇಂದ್ರ'ಗಳು. ಪುಸ್ತಕ ಕೊಟ್ಟು ವಾಪಸ್ ಪಡೆಯುತ್ತಿದ್ದವರು ಕಂಪ್ಯೂಟರ್, ಡಿಜಿಟಲ್ ಗ್ರಂಥಾಲಯವನ್ನೂ ನೋಡಿಕೊಳ್ಳಬೇಕು.

ಕಲಿಯಲು ದಾರಿಗಳಿವೆ. 'ಸ್ವಯಂ' ತಾಣದಲ್ಲಿ ಗ್ರಂಥಾಲಯ ವಿಜ್ಞಾನದ ಪಾಠಗಳು ಉಚಿತ. ಗ್ರಂಥಾಲಯ ನಿರ್ವಹಣೆಯ ಕೋಹಾ ತಂತ್ರಾಂಶಕ್ಕೆ ಪರವಾನಗಿ ಶುಲ್ಕವಿಲ್ಲ, ಮನೆಯ ಕಂಪ್ಯೂಟರಿನಲ್ಲೇ ಅಭ್ಯಾಸ ಮಾಡಬಹುದು. ಗುಲ್ಬರ್ಗಾ ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ವಿಜ್ಞಾನದ ವಿಭಾಗವೇ ಇದೆ. ಆದರೆ ಸೇಡಂ, ವಾಡಿ, ಶಹಾಬಾದ್, ಚಿಂಚೋಳಿಯಲ್ಲಿ ಒಬ್ಬರೇ ಗ್ರಂಥಾಲಯ ನಡೆಸುವವರಿಗೆ ಬಾಗಿಲು ಮುಚ್ಚಿ ತರಬೇತಿಗೆ ಹೋಗುವುದು ಸುಲಭವಲ್ಲ. ತರಬೇತಿಯನ್ನು ಕೆಲಸದ ಅವಧಿಯಾಗಿಯೇ ಎಣಿಸುವುದು ನ್ಯಾಯ.

ಬೆಂಗಳೂರಿನಲ್ಲಿ 1962ರಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದ ಎಸ್. ಆರ್. ರಂಗನಾಥನ್ 1931ರಲ್ಲೇ ತಮ್ಮ ಐದು ಸೂತ್ರಗಳಲ್ಲಿ ಗ್ರಂಥಾಲಯವನ್ನು ಬೆಳೆಯುವ ಜೀವಿ ಎಂದಿದ್ದರು. ಅವರ ಜನ್ಮದಿನ ಆಗಸ್ಟ್ 12 ಗ್ರಂಥಪಾಲಕರ ದಿನ. ಅಂದು ಹಾರ ಹಾಕುವುದರ ಜೊತೆಗೆ ಅಕ್ಕಪಕ್ಕದ ಪಂಚಾಯಿತಿಗಳ ಗ್ರಂಥಪಾಲಕರು ಒಂದೆಡೆ ಕೂತು, ತಾವು ಕಲಿತ ಹೊಸ ಕೆಲಸವನ್ನು ಪರಸ್ಪರ ತೋರಿಸಿಕೊಳ್ಳಬಹುದು.